ಕಷಾಯದ ಮಡಕೆ

ಸುಫೆನ್ ಅಕ್ಕಾ,

ನೀನೀಗ ತಾನೇ ಗಲ್ಲಿ ದಾಟಿ ನಿನ್ನ ಗಿಡಮೂಲಿಕೆ ಅಂಗಡಿಗೆ ಹೋದೆ. ಎದುರಿಗೆ ಹೇಳಹೋದರೆ ಮತ್ತೆ ಜಗಳವಾದೀತೆಂದು ಬರೆಯುತ್ತಿದ್ದೇನೆ.

ನಮ್ಮವರ ಕೆಮ್ಮಿಗೆಂದು ಚಳಿಗಾಲದ ಮೊದಲಲ್ಲಿ ನಿನ್ನ ಕಷಾಯದ ಮಡಕೆ ತಂದಿದ್ದೆ. ಮರುದಿನವೇ ನೀನು ಅಡುಗೆಮನೆಗೆ ನುಗ್ಗಿ ಮುಚ್ಚಳ ಎತ್ತಿದೆ. "ಪುದೀನಾನ ಮದ್ದಿನ ಬೇರುಗಳ ಜೊತೆಗೇ ಹಾಕಿ ಕುದಿಸ್ತಿದ್ದೀಯಲ್ಲೇ! ಅದನ್ನ ಇಳಿಸೋ ಹೊತ್ತಿಗೆ ಹಾಕೋದು. ಇದೇನು ಮದ್ದೋ, ದನದ ಕಲಗಚ್ಚೋ?" ಎಂದು ಇಡೀ ಗಲ್ಲಿಗೆ ಕೇಳುವಂತೆ ಕೂಗಿದೆ. ಸುಮ್ಮನಿರುವ ಜಾಯಮಾನ ನನ್ನದಲ್ಲ. "ನಿನ್ನಂಗಡಿ ಬೇರಿಗೆ ಹುಳಗಳೇ ಗಿರಾಕಿ" ಎಂದುಬಿಟ್ಟೆ. ಹುಳ ಹತ್ತದಂತೆ ಯಾವ ಬೇರಿನ ಪಕ್ಕ ಯಾವ ತೊಗಟೆ ಇಡಬೇಕೆಂದು ನೋಡಿ ನೋಡಿ ಜಾಡಿ ತುಂಬುವವಳು ನೀನು. ಮಾತು ಚುಚ್ಚದೆ ಇದ್ದೀತೇ? ಅಂದಿನಿಂದ ನಮ್ಮಿಬ್ಬರ ಮಾತು ನಿಂತಿತು.

ಅವರ ಕೆಮ್ಮು ಹೋಯಿತು, ಮಡಕೆ ಉಳಿಯಿತು. ತಂದು ಕೊಡೋಣವೆಂದರೆ, ನಮ್ಮ ಝಾಂಗ್‌ಶು ಪೇಟೆಯಲ್ಲಿ ಮದ್ದಿನ ಮಡಕೆ ಹಿಂದಿರುಗಿಸಿದರೆ ರೋಗವನ್ನೇ ಹೊತ್ತು ತಂದ ಹಾಗೆ. ಬೇಕಾದಾಗ ಮಡಕೆಯವರೇ ಬಂದು ಒಯ್ಯಬೇಕು. ಮುನಿಸಿನ ನಡುವೆ ನಾನು ತಂದಿದ್ದರೆ ಶಾಪ ಹಾಕಲು ಬಂದಳೆಂದೇ ಜನ ಅನ್ನುತ್ತಿದ್ದರು. ನೀನು ಬರುವುದೆಂದರೆ ನಿನ್ನ ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿರಬೇಕು. ನಿನ್ನ ಹೆಜ್ಜೆ ಸದ್ದಿಗೆ ಕಿವಿಗೊಡುತ್ತಿದ್ದೆ, ದೇವರೇ ಅವಳು ಬಾರದಿರಲಿ ಎಂದೂ ಬೇಡುತ್ತಿದ್ದೆ. ನೀನಿಲ್ಲದೆ ನನಗೆ ಬಹಳ ಬೇಸರವಾಗಿತ್ತು ಅಕ್ಕಾ.

ಇವತ್ತು ನೀನು ಬಾಗಿಲಲ್ಲಿ ನಿಂತು "ಮಡಕೆ ಕೊಡು" ಅಂದೆ. "ಭಾವನಿಗೇನಾಯ್ತು? ಮೊಮ್ಮಗೂಗೆ ಜ್ವರಾನಾ?" ಎಂದು ನಾನು ಒದರುತ್ತಿದ್ದರೆ ನೀನು ಹೊಸ್ತಿಲು ನೋಡುತ್ತಾ, "ಎಲ್ಲಾ ಗುಂಡುಕಲ್ಲಿನ ಹಾಗಿದ್ದಾರೆ ಕಣೇ. ಇಲ್ಲಿಗೆ ಬರೋಕೆ ನನಗಿನ್ಯಾವ ನೆಪ ಇತ್ತು, ಹೇಳು?" ಅಂದೆ.

ನಾನು ಅತ್ತದ್ದು ದುಃಖಕ್ಕಲ್ಲ, ನೆಮ್ಮದಿಗೆ. ಆಮೇಲೆ ನಾನು ಬಡಿಸಿದ ಅಕ್ಕಿ ಶಾವಿಗೆಗೆ ಖಾರ ಹೆಚ್ಚಾಯಿತೆಂದು ನೀನು ಮೂಗು ಒರೆಸಿಕೊಂಡದ್ದೂ ಸುಳ್ಳೇ. ಅದಕ್ಕೆ ನಾನು ಮೆಣಸಿನಕಾಯಿ ಹಾಕಿಯೇ ಇರಲಿಲ್ಲ.

ಹೊರಡುವಾಗ ನೀನು ಮಡಕೆ ಮರೆತೆ. ನಾನು ಬೇಕೆಂದೇ ನೆನಪಿಸಲಿಲ್ಲ. ಎಲ್ಲರೂ ಚೆನ್ನಾಗಿರುವ ಮನೆಗೆ ಅದೇಕೆ? ಇನ್ನು ಮುಂದೆ ಸುಮ್ಮನೆ ಬಾ, ಬೈಯಲಿಕ್ಕಾದರೂ ಬಾ.

ಈ ಮಡಕೆ ನಿನಗೆ ಎಂದೆಂದಿಗೂ ಬೇಕಾಗದಿರಲಿ.

ನಿನ್ನ ಬಾಯಿಬಡುಕಿ ತಂಗಿ,
ರುಯಿಲಾನ್