ಖಾಲಿ ಎಲೆ ಮುಂದೆ

ಅಪ್ಪಾ,

ಇವತ್ತು ಮಾಂಬಳ್ಳಿ ಮದುವೆ ಊಟದಲ್ಲಿ, ಎಲೆ ಹಾಕಿದ ತಕ್ಷಣ ಎಲ್ಲರ ಮುಂದೆ ಇನ್ಸುಲಿನ್ ಚುಚ್ಚಿಕೊಂಡೆ. ಬಡಿಸೋದು ತಡವಾಗಿ ಕೈ ನಡುಗಿತು. ಸಾಲಿನವರು ಕೈಯಿಡೋ ಮುಂಚೆಯೇ ಎಲೆಗೆ ಬಿದ್ದ ಲಾಡು ತಿಂದೆ.

"ಅಷ್ಟು ಅಸಿವೇನವ್ವ?" ಅಂದಳು ಪುಟ್ಟಮಾದತ್ತೆ.

"ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ ಕಣತ್ತೆ. ಚುಚ್ಚಿಕೊಂಡು ತಿನ್ನದಿದ್ರೆ ಬಿದ್ದೋಯ್ತೀನಿ. ಅಪ್ಪನಿಗೂ ಇದೇ ಇತ್ತು."

ಯಾರೂ ಎದ್ದು ಹೋಗಲಿಲ್ಲ. ಇನ್ನೊಂದು ಲಾಡು ಹಾಕಿಸಿದರು.

ಇಷ್ಟು ಹೇಳೋಕೆ ನಿನಗೇನು ದಾಡಿಯಾಗಿತ್ತು? ಆವತ್ತು ಬಂಡಳ್ಳಿ ಮದುವೆ ಊಟದಲ್ಲಿ ಹಿತ್ತಲಿಗೆ ಹೋಗಿ ಕದ್ದು ಚುಚ್ಚಿಕೊಂಡು ಬಂದು, ಖಾಲಿ ಎಲೆ ಮುಂದೆ ಒರಗಿದೆ. ಕುಡಿದವ್ನೆ ಅಂತ ಜಗುಲಿಗೆ ಹಾಕಿದರು. ನೀನು ಮತ್ತೆ ಏಳಲಿಲ್ಲ.

'ಕಾಯಿಲೆ ಗೊತ್ತಾದರೆ ನಿನಗೆ ಗಂಡು ಸಿಗಲ್ಲ, ಬಾಯಿ ಬಿಡಬೇಡ' ಅಂತ ಆಣೆ ಹಾಕಿಸಿದ್ದೆಯಲ್ಲ. ಆವತ್ತು ಜಗುಲಿ ಪಕ್ಕದಲ್ಲೇ ನಿಂತಿದ್ದರೂ ನಾನು ಬಾಯಿ ಬಿಡಲಿಲ್ಲ.

ನನ್ನ ಬ್ಯಾಗಲ್ಲಿ ಗ್ಲೂಕೋಸ್ ಇತ್ತು.