ಬೈಕಿಗಾದರೆ ವಿಮೆ, ಮಗಳಿಗಾದರೆ ಮಾನ

ಮಾರತ್ತಹಳ್ಳಿ, ಸೆಪ್ಟೆಂಬರ್ ೨೦೧೯

ಅಪ್ಪನಿಗೆ,

ಕ್ಷೇಮ ಕೇಳಲು ಬರೆಯುತ್ತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನನ್ನ ಮಾತು ಮುಗಿಯುವ ಮೊದಲೇ ನಿನ್ನ ಗಂಟಲು ಏರುತ್ತದೆ. ಕಾಗದದಲ್ಲಾದರೆ ನೀನು ಅಡ್ಡ ಬಾಯಿ ಹಾಕಲಾರೆ.

ನಿನ್ನ ಮಗ, ನನ್ನ ಶಿವಣ್ಣ ರಿಂಗ್ ರೋಡಿನಲ್ಲಿ ಬೈಕಿನಿಂದ ಬಿದ್ದು ಸತ್ತ ಮೇಲೆ ನಮ್ಮ ದೊಡ್ಡನೆಕ್ಕುಂದಿಯ ಮನೆಯಲ್ಲಿ ಅವನ ಹೆಸರೇ ನಿಂತುಹೋಯಿತು. ತಿಥಿ ಮುಗಿದ ಮಾರನೆಯ ದಿನವೇ ನೀನು ಅವನ ಬಟ್ಟೆಗಳನ್ನು ಗಂಟು ಕಟ್ಟಿ ಯಾರಿಗೋ ಕೊಟ್ಟುಬಿಟ್ಟೆ. ಅಮ್ಮ ಅತ್ತರೆ, "ಸತ್ತೋನು ಎದ್ ಬತ್ತಾನಾ? ಬಾಡಿಗೆಯೋರು ಕೇಳಿಸ್ಕೊಂತಾರೆ, ಸುಮ್ಕಿರು" ಎಂದೆ. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು. ನಾನೂ ಹಿಂದೆಯೇ ಹೋದೆ.

ನಾನು ಕಾಲೇಜಿಗೆ ಹೋಗುವ ಬಸ್ಸು ಅಣ್ಣ ಬಿದ್ದ ಜಾಗವನ್ನು ದಾಟಿಯೇ ಹೋಗಬೇಕು. ಅಲ್ಲಿಗೆ ಬರುವಾಗ ನಾನು ಕಣ್ಣು ಮುಚ್ಚಿಕೊಂಡು ಮುಂದಿನ ಸೀಟಿನ ಕಂಬಿ ಹಿಡಿದುಕೊಳ್ಳುತ್ತಿದ್ದೆ. ಒಂದು ದಿನ ಲ್ಯಾಬಿನಲ್ಲಿದ್ದಾಗ, ಹೊರಗೆ ಲಾರಿ ಬ್ರೇಕ್ ಹಾಕಿದ ಸದ್ದಿಗೆ ಕೈಯಲ್ಲಿದ್ದ ಗಾಜಿನ ಕೊಳವೆ ಬಿದ್ದು ಒಡೆಯಿತು; ನಾನು ಮೇಜಿನ ಕೆಳಗೆ ಮುದುರಿ ಕುಳಿತೆ. ಲೆಕ್ಚರರ್ ಒಬ್ಬರು ಕೈಹಿಡಿದು ಎಬ್ಬಿಸಿ, ಕಾಲೇಜಿನ ಆರೋಗ್ಯ ವಿಮೆಯಲ್ಲಿ ಈ ವರ್ಷದಿಂದ ಕೌನ್ಸೆಲಿಂಗ್ ಕೂಡ ಸೇರಿದೆ, ಹೋಗಮ್ಮ ಎಂದರು. ಫೀಸಿನ ಜೊತೆ ನೀನೇ ಕಟ್ಟಿದ ವಿಮೆ ಅದು. ನಾನು ಯಾರ ಮುಂದೆಯೂ ಕೈಚಾಚಲಿಲ್ಲ, ಏನನ್ನೂ ಕದಿಯಲಿಲ್ಲ. ಕಾರ್ಡು ತೋರಿಸಿ, ಕಾಲೇಜಿನಲ್ಲೇ ಇರುವ ಕೌನ್ಸೆಲರ್ ಸವಿತಾ ಮೇಡಂ ಕೋಣೆಯಲ್ಲಿ ಕುಳಿತೆ. ಅಣ್ಣನ ಹೆಸರು ಹೇಳಿದೆ. ಅವರು ಕೇಳುತ್ತಾ ಹೋದರು, ನಾನು ಹೇಳುತ್ತಾ ಹೋದೆ. ಕೆಲವು ವಾರಗಳಲ್ಲಿ ಬಸ್ಸಿನಲ್ಲಿ ಕಣ್ಣು ಬಿಟ್ಟುಕೊಂಡು ಕೂರುವಷ್ಟಾದೆ.

ಅಷ್ಟರಲ್ಲಿ ವಿಮೆಯವರು ನಿನ್ನ ಮೊಬೈಲಿಗೆ ನನ್ನ ಕೌನ್ಸೆಲಿಂಗಿನ ಲೆಕ್ಕದ ಮೆಸೇಜು ಕಳಿಸಿದರು. ಸೇರುವಾಗ ಕೊಟ್ಟಿದ್ದ ನಂಬರು ನಿನ್ನದು. ನನ್ನನ್ನು ಒಂದು ಮಾತೂ ಕೇಳದೆ ನನ್ನ ವಿಷಯ ನಿನಗೆ ಮುಟ್ಟಿಸಿದ ಅವರ ಮೇಲೂ ನನಗೆ ಕೋಪವಿದೆ. ಅದನ್ನು ಕಾಲೇಜಿನವರಿಗೆ ಹೇಳಿಯೂ ಬಂದಿದ್ದೇನೆ. ಆದರೆ ನೀನು? ಸಂಜೆ ನಾನು ಮನೆಗೆ ಬಂದಾಗ, ಏನಾಯ್ತಮ್ಮ ಎಂದು ಕೇಳಬಹುದಿತ್ತು. ಅದು ಬಿಟ್ಟು ಚಿಕ್ಕಪ್ಪನನ್ನು ಕರೆದುಕೊಂಡು ಬಂದು ಆ ಕೋಣೆಯ ಬಾಗಿಲು ತಳ್ಳಿದೆ. ನಾನು ಅಳುತ್ತಾ ಕುಳಿತಿದ್ದೆ. "ಉಚ್ಚು ಇಡ್ದೈತಾ ನನ್ ಮಗ್ಳಿಗೆ? ಯಾರ್ನ ಕೇಳಿ ಕಂಪ್ಯೂಟರ್‌ನಾಗೆ ಆಕುದ್ರಿ? ನಾಳೆ ಇವ್ಳನ್ನ ಯಾರ್ ಮದ್ವೆ ಆಯ್ತಾರೆ? ಅಳ್ಸಾಕಿ ಅದ್ನ" ಎಂದು ಕೂಗಿದೆ. ಕಾರಿಡಾರಿನಲ್ಲಿ ನನ್ನ ಕ್ಲಾಸಿನವರು ನಿಂತು ನೋಡುತ್ತಿದ್ದರು. "ಸಾರ್, ಅವಳಿಗೆ ಹುಚ್ಚಲ್ಲ, ಅಣ್ಣ ಹೋದ ದುಃಖ" ಎಂದು ಮೇಡಂ ಅಂದದ್ದಕ್ಕೆ, "ಯಾರ್ ಮನ್ಯಾಗೂ ಸಾಯಾಕಿಲ್ವಾ?" ಎಂದೆ.

ಅಣ್ಣನ ಬೈಕಿನ ವಿಮೆಗಾಗಿ ನೀನು ಆಫೀಸಿನಿಂದ ಆಫೀಸಿಗೆ ಅಲೆದೆಯಲ್ಲ ಅಪ್ಪಾ, ಜಜ್ಜಿಹೋದ ಟ್ಯಾಂಕಿನ ಫೋಟೊ ಹಿಡಿದುಕೊಂಡು? ಆಗ ಮಾನ ಹೋಗಲಿಲ್ಲವೇ? ಮುರಿದದ್ದನ್ನು ತೋರಿಸಿದರೇ ಅವರು ಕೊಡುವುದು ಎಂದು ಚಿಕ್ಕಪ್ಪನಿಗೆ ನೀನೇ ಹೇಳುತ್ತಿದ್ದೆ. ನಾನೂ ಮುರಿದದ್ದನ್ನೇ ತೋರಿಸಿದ್ದು.

ಆಮೇಲೆ ನನ್ನನ್ನು ಕಾಲೇಜಿಗೆ ಕಳಿಸುವುದನ್ನೇ ನಿಲ್ಲಿಸಿದೆ. ಚನ್ನಕ್ಕತ್ತೆ ಕೇಳಿದರೆ ಥೈರಾಯ್ಡ್ ಎಂದು ಹೇಳು ಅಂತ ಪಾಠ ಹೇಳಿಕೊಟ್ಟೆ. ಆ ಸುಳ್ಳು ನನ್ನ ಬಾಯಲ್ಲಿ ಬರಲಿಲ್ಲ. ಅದಕ್ಕೇ ಬ್ಯಾಗು ಎತ್ತಿಕೊಂಡು ಈ ಹೆಣ್ಣುಮಕ್ಕಳ ಪಿ.ಜಿ.ಗೆ ಬಂದದ್ದು. ಸಂಜೆ ಮಕ್ಕಳಿಗೆ ಟ್ಯೂಷನ್ ಹೇಳಿಕೊಟ್ಟು ಬಾಡಿಗೆ ಕಟ್ಟುತ್ತೇನೆ. ಯಾರ ಜೊತೆಗೂ ಓಡಿಬಂದಿಲ್ಲ. ಊರಲ್ಲಿ ಹಾಗೆಂದವರಿಗೆ ನೀನೇ ಹೇಳು. ವಿಮೆಯಲ್ಲಿ ನಿನ್ನ ನಂಬರು ತೆಗೆಸಿ ನನ್ನದು ಹಾಕಿಸಿದ್ದೇನೆ. ಮತ್ತೆ ಕಾಲೇಜಿಗೂ, ಗುರುವಾರ ಗುರುವಾರ ಮೇಡಂ ಬಳಿಗೂ ಹೋಗುತ್ತಿದ್ದೇನೆ.

ಈಗ ಮುಖ್ಯವಾದದ್ದು. ಹೋದ ಗುರುವಾರ ಅಮ್ಮ ನಿನಗೆ ಹೇಳಿದಂತೆ ಚನ್ನಕ್ಕತ್ತೆಯ ಮನೆಗೆ ಹೋಗಿರಲಿಲ್ಲ. ಡಬ್ಬಿಯಲ್ಲಿ ಮುದ್ದೆ, ಉಪ್ಸಾರು ಹಿಡಿದುಕೊಂಡು ನನ್ನ ಕಾಲೇಜಿಗೆ ಬಂದಿದ್ದಳು. ನಾನು ಕೋಣೆಯಿಂದ ಹೊರಬರುವವರೆಗೂ ಬೆಂಚಿನ ಮೇಲೆ ಕಾದಿದ್ದಳು. ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಳು: "ಅಮ್ಮಿ, ನನ್ನೂ ಒಳೀಕ್ ಬಿಡ್ತಾರಾ?"

ವಿಮೆ ವಿದ್ಯಾರ್ಥಿಗಳಿಗೆ ಮಾತ್ರ. ಅದನ್ನು ಹೇಳುವ ಬದಲು ಹಿಂದಕ್ಕೆ ತಿರುಗಿ ನೋಡಿದೆ. ಮೇಡಂ ಬಾಗಿಲಲ್ಲೇ ನಿಂತಿದ್ದರು. ನಿನ್ನ ಸಮಯ ಇನ್ನೂ ಸ್ವಲ್ಪ ಉಳಿದಿದೆ, ಇಬ್ಬರೂ ಬನ್ನಿ ಎಂದರು. ಅಮ್ಮ ಕುರ್ಚಿಯ ತುದಿಯಲ್ಲಿ ಕುಳಿತು, ಸೆರಗನ್ನು ಬಾಯಿಗೆ ಒತ್ತಿಕೊಂಡು, "ನನ್ ಮಗ ಶಿವಶಂಕರ" ಎಂದಳು. ಆಮೇಲೆ ಸೆರಗು ತೆಗೆದು ಇನ್ನೊಮ್ಮೆ ಹೇಳಿದಳು. ಹೆತ್ತವಳು ಮಗನ ಹೆಸರು ಹೇಳಲು ಎರಡು ಬಸ್ಸು ಹತ್ತಿ ಬರಬೇಕಾಯಿತು.

ಬರುವ ಗುರುವಾರವೂ ಅವಳು ಬರುತ್ತಾಳೆ. ಇನ್ನು ಮೇಲೆ ಸುಳ್ಳು ಹೇಳಿ ಬರುವುದು ಬೇಡವೆಂದೇ ಈ ಕಾಗದ. ತಡೆಯಬೇಡ. ತಡೆದರೆ ನಾನೇ ಬಂದು ಕೈಹಿಡಿದು ಕರೆದುಕೊಂಡು ಹೋಗುತ್ತೇನೆ, ಬೀದಿಯವರೆಲ್ಲ ನಿಂತು ನೋಡಲಿ.

ರಾತ್ರಿ ನಿನಗೂ ನಿದ್ದೆಯಿಲ್ಲ, ಗೋಡೆ ಕಡೆ ತಿರುಗಿ ಮಲಗಿರುತ್ತೀಯ ಎಂದಳು ಅಮ್ಮ. ನಿನಗೆ ನಿದ್ದೆ ಬರಲಿ ಅಪ್ಪಾ. ಇಷ್ಟು ಕೋಪದಲ್ಲೂ ಅದೊಂದನ್ನು ಬೇಡಿಕೊಳ್ಳುತ್ತೇನೆ.

ನಿನ್ನ ಮಗಳು, ಶಿವಶಂಕರನ ತಂಗಿ,
ಮಂಜುಶ್ರೀ