ದೇವರ ಮುಂದಿಟ್ಟ ಬೇರು

ಅಪ್ಪನಿಗೆ,

ತೀರ್ಥರೂಪು ಅಂತ ಬರೆದು, ನಮಸ್ಕಾರ ಹೇಳಿ ಶುರು ಮಾಡಬೇಕಿತ್ತು. ಮನಸ್ಸು ಬರಲಿಲ್ಲ. ನೀನು ಹೋಗಿ ಎರಡು ವರ್ಷವಾಯಿತು. ಮೊದಲ ವರ್ಷ ನಿನ್ನನ್ನು ನೆನೆದು ಅತ್ತೆ. ಎರಡನೆಯ ವರ್ಷ ನಿನ್ನನ್ನು ನೆನೆದು ಹಲ್ಲು ಕಡಿದೆ. ಈ ಕಾಗದ ಎರಡನೆಯ ವರ್ಷದ್ದು.

ಪಿಯುಸಿ ಫೇಲಾಗಿ ಮನೆಯಲ್ಲಿ ಕೂತಿದ್ದಾಗ ನೀನು ನನ್ನ ಕೈಗೆ ಗುದ್ದಲಿ ಕೊಟ್ಟು ಬೇಲಿ ಸಾಲಿಗೆ ಕರೆದುಕೊಂಡು ಹೋದದ್ದು ನೆನಪಿದೆಯೇ? ಬಿಳಿ ಹೂವಿನ ಚಿತ್ರಮೂಲದ ಗಿಡ ತೋರಿಸಿದೆ. "ಬೇರ್ನ ಬರಿಗೈಲಿ ಮುಟ್ಬ್ಯಾಡ ಕಣವ್ವ, ಮೈಲಿಗೆ ಆಯ್ತದೆ. ಎಕ್ಕದೆಲೇಲಿ ಇಡ್ಕೊ" ಅಂದೆ. ಮೈಲಿಗೆಯಂತೆ. ಆ ಬೇರಿನ ರಸ ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ ಅಂತ ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಭಾನುವಾರ ಬಂತೆಂದರೆ ನಮ್ಮ ಜಗಲಿ ತುಂಬುತ್ತಿತ್ತು. ಹೊಳೆನರಸೀಪುರದವರು, ಚನ್ನರಾಯಪಟ್ಟಣದವರು, ಕಟ್ಟಾಯದ ಕಡೆಯವರು, ಮಂಡಿ ಹಿಡಿದುಕೊಂಡು ಆಟೋದಿಂದ ಇಳಿಯುತ್ತಿದ್ದರು. ಅರಕಲಗೂಡು ಸೀಮೆಯಲ್ಲಿ ಮಂಡಿನೋವಿನ ಎಣ್ಣೆ ಅಂದರೆ ನಿನ್ನದೇ. ಬೇರು ಅಗೆಯುವವಳು ನಾನು, ಲಕ್ಕಿ ಸೊಪ್ಪು ಕೊಯ್ಯುವವಳು ನಾನು, ಹೊಲದ ಶುಂಠಿ ಜಜ್ಜುವವಳು ನಾನು, ಹೊಗೆಯಲ್ಲಿ ಕೂತು ಎಣ್ಣೆ ಕಾಯಿಸುವವಳು ನಾನು. ನಡುವೆ ಮೂರು ದಿನ ಮಾತ್ರ ಬೇರು ದೇವರ ಕೋಣೆ ಸೇರುತ್ತಿತ್ತು. ಬೀಗದ ಕೈ ನಿನ್ನ ಸೊಂಟದಲ್ಲಿ. ಒಳಗೆ ಏನು ಮಾಡುತ್ತೀಯ ಅಂದರೆ, "ದ್ಯಾವ್ರ ಮುಂದೆ ಮೂರ್ ದಿನ ಇಟ್ಟು ದೀಪ ಹಚ್ಬೇಕು, ಅಷ್ಟೇಯ" ಅನ್ನುತ್ತಿದ್ದೆ. ನಾನು ನಂಬಿದೆ.

ಒಂದು ದಿನ ಧೈರ್ಯ ಮಾಡಿ, ನನಗೂ ಪೂರ್ತಿ ಹೇಳಿಕೊಡು ಅಂದೆ. ನೀನು ಮುಖ ಎತ್ತಲಿಲ್ಲ. "ಎಣ್ಮಕ್ಳಿಗೆ ಯೋಳುದ್ರೆ ಔಸ್ದಿ ಬ್ಯಾರೆ ಮನೆ ಸೇರ್ಕತದೆ. ಗುಣ ಓಯ್ತದೆ" ಅಂದೆ. ಯಾವ ಮನೆಗೆ ಹೋದೆ ಅಪ್ಪ ನಾನು? ಗೊರೂರಿನಿಂದ ಒಳ್ಳೆಯ ಗಂಡು ಬಂದಾಗ, "ಇವ್ಳು ಓದ್ರೆ ಎಣ್ಣೆ ಕಾಯ್ಸೋರ್ ಯಾರು" ಅಂತ ಅಮ್ಮನ ಹತ್ತಿರ ಗೊಣಗಿದವನು ನೀನೇ ತಾನೆ? ಹೋಗುತ್ತಾಳೆ ಅಂತ ಗುಟ್ಟು ಹೇಳಲಿಲ್ಲ, ಹೋಗಲಿಕ್ಕೂ ಬಿಡಲಿಲ್ಲ. ನನಗೀಗ ನಲವತ್ತನಾಲ್ಕು. ಅದೇ ಒಲೆಯ ಮುಂದೆ ಇದ್ದೇನೆ.

ಗ್ರಹಣದ ದಿನ ನಿನ್ನ ಅಣ್ಣನ ಮಗ ಮಂಜನನ್ನು ಹೇಮಾವತಿಯಲ್ಲಿ ಎದೆಮಟ್ಟ ನೀರಿಗೆ ಇಳಿಸಿ, ಅವನ ಕಿವಿಯಲ್ಲಿ ಗುಟ್ಟು ಹೇಳಿದೆ. ಹೊಳೆನರಸೀಪುರದಲ್ಲಿ ಮೊಬೈಲ್ ರಿಪೇರಿ ಮಾಡುವ ಮಂಜನಿಗೆ. ಚಿತ್ರಮೂಲಕ್ಕೂ ಚಕ್ಕೋತಕ್ಕೂ ವ್ಯತ್ಯಾಸ ತಿಳಿಯದವನಿಗೆ. ಇಪ್ಪತ್ತು ವರ್ಷ ಬೇರು ಅಗೆದ ನಾನು ನಿಮ್ಮಿಬ್ಬರ ಟವೆಲ್ ಹಿಡಿದುಕೊಂಡು ದಡದಲ್ಲಿ ನಿಂತಿದ್ದೆ. ಅವತ್ತು ನನಗಾದ ಅವಮಾನ ನಿನಗೆ ಕಾಣಿಸಿತೇ, ಅಥವಾ ಕಂಡೂ... ಆರು ತಿಂಗಳಿಗೆ ಪಾರ್ಶ್ವವಾಯು ಹೊಡೆದು, ಮಾತಿಲ್ಲದೆ ಮಲಗಿ ನಾಲ್ಕೇ ದಿನಕ್ಕೆ ಹೋದೆ.

ನಿನ್ನ ವರ್ಷದ ತಿಥಿ ಮುಗಿದ ವಾರ ಅಮ್ಮನಿಗೆ ಮಂಡಿ ಹಿಡಿದುಕೊಂಡಿತು. ನೀನಿದ್ದಾಗ ಕಾಯಿಸಿಟ್ಟಿದ್ದ ಎಣ್ಣೆ ಅಷ್ಟರಲ್ಲಿ ಖಾಲಿಯಾಗಿತ್ತು. "ನಿಮ್ಮಪ್ಪನ್ ಎಣ್ಣೆ ನೀನೇ ಕಾಯ್ಸವ್ವ ರತ್ನ, ನಿಂಗ್ ಗೊತ್ತಿಲ್ದೇ ಇರೋದೇನದೆ" ಅಂದಳು. ಬೇರು ಅಗೆದೆ. ಮಡಿಯಲ್ಲಿ ದೇವರ ಕೋಣೆಗೆ ಹೋಗಿ, ನೀನು ಹೇಳಿದಂತೆಯೇ ಮೂರು ದಿನ ದೇವರ ಮುಂದಿಟ್ಟು ಎರಡು ಹೊತ್ತೂ ದೀಪ ಹಚ್ಚಿದೆ. ಎಷ್ಟು ಭಕ್ತಿಯಿಂದ ಅಂತೀಯ! ಆಮೇಲೆ ಎಣ್ಣೆ ಕಾಯಿಸಿ, ಬೆಳಿಗ್ಗೆ ಅಮ್ಮನ ಮಂಡಿಗೆ ಹಚ್ಚಿ, ಹರಳೆಲೆ ಸುತ್ತಿ ಬಟ್ಟೆ ಕಟ್ಟಿದೆ. ಮಧ್ಯಾಹ್ನಕ್ಕೆ ಉರಿ ಅಂದಳು. ಬಿಚ್ಚುತ್ತೇನೆ ಅಂದರೆ ಬಿಡಲಿಲ್ಲ. "ಅವರ್ ಔಸ್ದಿ ಸ್ವಲ್ಪ ಉರೀತದೆ ಕಣವ್ವ, ತಡ್ಕೋಬೇಕು" ಅಂತ ತುಟಿ ಕಚ್ಚಿ ಕೂತಳು. ನಿನ್ನ ಮೇಲಿನ ನಂಬಿಕೆಗೆ ಸಂಜೆಯವರೆಗೂ ತಡೆದಳು. ಬಿಚ್ಚಿದಾಗ ಎಲೆಯ ಜೊತೆ ಚರ್ಮವೂ ಬಂತು.

ಮಂಜನಿಗೆ ಫೋನ್ ಮಾಡಿದೆ. ನದಿಯಲ್ಲಿ ಅಪ್ಪ ನಿನಗೆ ಏನು ಹೇಳಿದರು, ಒಂದಕ್ಷರ ಬಿಡದೆ ಹೇಳು ಅಂತ ಅವನನ್ನು ಕೇಳಿದೆ. "ಅದೇನೋ ಸುಣ್ಣದ್ ತಿಳೀಲಿ ನೆನಾಕು ಅಂದಂಗಿತ್ತು ಕಣಕ್ಕ. ನೀರ್ ಕೊರೀತಿತ್ತು, ನಾನು ಹೂಂ ಅಂದ್ಬುಟ್ಟೆ. ಯಾಕಕ್ಕ, ಏನಾಯ್ತು?" ಅಂದ. ಅಷ್ಟೇ ಅಪ್ಪ ನಿನ್ನ ವಂಶದ ಗುಟ್ಟು. ಸುಣ್ಣದ ತಿಳಿನೀರು. ಮೂರು ದಿನ ಬೀಗ ಹಾಕಿಕೊಂಡು ಬೇರಿನ ವಿಷ ತೆಗೆಯುತ್ತಿದ್ದೆ, ನನಗೆ ದೇವರು ದೀಪ ಅಂತ ಕತೆ ಕಟ್ಟಿದೆ.

ಹಾಸನದ ಆಸ್ಪತ್ರೆಯಲ್ಲಿ ಅಮ್ಮನ ಕಾಲು ನೋಡಿದ ಡಾಕ್ಟರಮ್ಮ ಚನ್ನರಾಯಪಟ್ಟಣದ ಹುಡುಗಿ. ನೋಡಿದವಳೇ ಸಿಡಿದಳು. "ಹಸಿ ಬೇರು ಕಾಯಿಸಿ ಹಚ್ಚಿದ್ರಾ? ಯಾರ್ರೀ ಹೇಳಿಕೊಟ್ಟಿದ್ದು ನಿಮಗೆ?" ಯಾರೂ ಹೇಳಿಕೊಡಲಿಲ್ಲ ಅಂದೆ. ನಗಲಿಲ್ಲ ಪುಣ್ಯಾತ್ಗಿತ್ತಿ.

ಮೂರನೆಯ ಸಲ ಡ್ರೆಸ್ಸಿಂಗಿಗೆ ಹೋದಾಗ ಅವಳೇ ಮಾತು ತೆಗೆದಳು. ಡಾಕ್ಟರಿಕೆ ಓದಿದ್ದು ಚೀನಾದಲ್ಲಂತೆ. ಅಲ್ಲಿ ಇಂಗ್ಲಿಷ್ ಔಷಧಿಯ ಜೊತೆ ಅವರ ಗಿಡಮೂಲಿಕೆಯೂ ಒಂದು ಪಾಠ. ಔಷಧಿ ಕೋಣೆಯ ಗೋಡೆ ತುಂಬ ಸಣ್ಣ ಸಣ್ಣ ಡ್ರಾಯರು, ಒಂದೊಂದರ ಮೇಲೂ ಒಳಗಿರುವುದರ ಹೆಸರು. ಹಸಿ ಶುಂಠಿ ಬೇರೆ, ಒಣ ಶುಂಠಿ ಬೇರೆ. ಹಸಿಯದು ಚಳಿ ನೆಗಡಿಗೆ ಬೆವರು ಬರಿಸಲು, ಒಣಗಿದ್ದು ಹೊಟ್ಟೆಯ ತಂಡಿಗೆ. ಬೇರೆ ಬೇರುಗಳ ಜೋರು ತಗ್ಗಿಸಲಿ ಅಂತ ಜ್ಯೇಷ್ಠಮಧು ಎಷ್ಟೋ ಕಷಾಯಕ್ಕೆ ಬೀಳುತ್ತದಂತೆ. ನಮ್ಮ ಮಾಚಿಪತ್ರೆಯ ಜಾತಿಯ ಸೊಪ್ಪನ್ನು ಒಣಗಿಸಿ, ಉಂಡೆ ಕಟ್ಟಿ, ಕೆಂಡ ಮಾಡಿ ನೋಯುವ ಮಂಡಿಯ ಹತ್ತಿರ ಹಿಡಿಯುತ್ತಾರಂತೆ. ವತ್ಸನಾಭಿಯಂಥ ವಿಷದ ಬೇರನ್ನೂ ನೆನೆಸಿ, ಗಂಟೆಗಟ್ಟಲೆ ಬೇಯಿಸಿಯೇ ಕೊಡುವುದು. ಹಸಿಯದೋ ಹದ ಮಾಡಿದ್ದೋ ಅಂತ ಚೀಟಿಯಲ್ಲಿ ಬರೆದಿರಬೇಕು, ಆ ಚೀಟಿ ರೋಗಿಯ ಕೈಯಲ್ಲೂ ಇರುತ್ತದೆ. "ಆ ಔಷಧಿಯಿಂದ ಎಲ್ಲಾ ವಾಸಿಯಾಗುತ್ತೆ ಅಂತ ನಾನು ಹೇಳಲ್ಲ. ಮನೆತನದ ಗುಟ್ಟು ಅಂತ ಮುಚ್ಚಿಡೋರು ಅಲ್ಲೂ ಇದ್ದಾರೆ. ಆದರೆ ಬರೆದಿಟ್ಟಿದ್ದರೆ ನಿಮ್ಮ ತಾಯಿ ಕಾಲು ಸುಡ್ತಿರಲಿಲ್ಲ" ಅಂದಳು. ಯಾವುದೋ ದೇಶದ, ಮುಖ ಕಾಣದ ರೋಗಿಗೆ ಸಿಗುವ ಚೀಟಿ ನಿನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಸಿಗಲಿಲ್ಲವಲ್ಲ.

ಮನೆಗೆ ಬಂದು ದೇವರ ಕೋಣೆಯ ಬೀಗ ಕಿತ್ತೆಸೆದೆ. ಸುಣ್ಣದ ತಿಳಿಯಲ್ಲಿ ಬೇರು ನೆನೆಹಾಕಿದೆ. ನೀರು ಕೆಂಪಾಯಿತು. ಚೆಲ್ಲಿ ಬೇರೆ ಹಾಕಿದೆ, ಅದೂ ಕೆಂಪಾಯಿತು. ಕೆಂಪು ನಿಲ್ಲುವವರೆಗೂ ಬದಲಾಯಿಸುತ್ತ ಹೋಗಬೇಕು ಅಂತ ತಿಳಿಯುವಷ್ಟರಲ್ಲಿ ನನ್ನ ಎಡಗೈಯಲ್ಲಿ ಎರಡು ಸುಟ್ಟ ಕಲೆ ಬಿದ್ದವು. ಬಿದ್ದರೆ ಬೀಳಲಿ, ನನ್ನದೇ ಕೈ.

ಈಗ ನೀನು ಕೇಳದೆ ಹೋದ ಸುದ್ದಿ. ನಿನ್ನ ಎಣ್ಣೆಯನ್ನು ಪೂರ್ತಿ ಬರೆದು ಅರಕಲಗೂಡಿನಲ್ಲಿ ಜೆರಾಕ್ಸ್ ಮಾಡಿಸಿದ್ದೇನೆ. ಬೇರಿನ ಹೆಸರು, ಸುಣ್ಣದ ತಿಳಿ, ಎಷ್ಟು ಹೊತ್ತು, ಯಾರು ಹಚ್ಚಿಕೊಳ್ಳಬಾರದು, ಎಲ್ಲ ಇದೆ. ಭಾನುವಾರ ಬಂದವರಿಗೆಲ್ಲ ಕೊಡುತ್ತೇನೆ. ನಿನ್ನ ಕಂಡರಾಗದ ಕಟ್ಟಾಯದ ಪಂಡಿತನಿಗೆ ಎರಡು ಪ್ರತಿ ಕೊಟ್ಟೆ.

ಅಮ್ಮ ಈಗ ಜಗಲಿಯಲ್ಲೇ ಕೂರುತ್ತಾಳೆ. ಐವತ್ತು ವರ್ಷ ನಿನ್ನ ಹೆಸರು ಅವಳ ಬಾಯಲ್ಲಿ ಬಂದದ್ದಿಲ್ಲ, ನಿನಗೇ ಗೊತ್ತು. ರೇಷನ್ ಕಾರ್ಡಿನವರು ಗಂಡನ ಹೆಸರು ಕೇಳಿದರೂ ನನ್ನ ಭುಜ ತಿವಿಯುತ್ತಿದ್ದಳು, ನಾನು ಹೇಳಬೇಕಿತ್ತು. ಹೋದ ಭಾನುವಾರ ಹೊಳೆನರಸೀಪುರದ ಹೆಂಗಸೊಬ್ಬಳು ಚೀಟಿ ಓದಿ, "ಇದ್ಯಾಕವ್ವ, ಹಸಿ ಬೇರು ಸುಡ್ತದೆ ಅಂತ ಇಷ್ಟ್ ದಪ್ಪಕ್ಷರ?" ಅಂದಳು. ಅಮ್ಮ ಸೀರೆ ಮಂಡಿಯವರೆಗೆ ಎತ್ತಿ ಕಲೆ ತೋರಿಸಿದಳು.

"ಪುಟ್ಟೇಗೌಡ ಮಗಳತ್ರ ಮುಚ್ಚಿಟ್ಟ. ಅದುಕ್ಕೇ ಇಂಗಾಯ್ತು" ಅಂದಳು.

ಆ ಹೆಂಗಸು, ಯಾರು ಅಂದ್ರಿ ಅಂತ ಕೇಳಿದಳು. ನಾನು ಹೇಳಲು ಬಾಯಿ ತೆರೆದೆ. ಅಮ್ಮ ನನ್ನ ಕೈ ಅದುಮಿ, ತಾನೇ ಮತ್ತೊಂದು ಸಲ ನಿನ್ನ ಹೆಸರು ಹೇಳಿದಳು.